‘ಖರ್ಚಿಲ್ಲದ ಕಿರುಚಿತ್ರ’ ಎಂಬ ಸುಳ್ಳು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹದಿನೆಂಟು ನಿಮಿಷಗಳ ಕಿರುಚಿತ್ರವೊಂದನ್ನು ಮುಗಿಸಿದ ಸಂತೋಷ ಅವನ ಮುಖದಲ್ಲಿತ್ತು. ಚಿತ್ರವನ್ನು ತೋರಿಸುವ ಮೊದಲೇ, “ಮೇಷ್ಟ್ರೇ, ಇದು ಝೀರೋ ಬಜೆಟ್ ಸಿನಿಮಾ. ಕೈಯಿಂದ ಹೋದದ್ದು ಬರೀ 12,000 ರೂಪಾಯಿ” ಎಂದು ಹೆಮ್ಮೆಯಿಂದ ಹೇಳಿದ. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನ ಚಾಳಿ ಬಿಡುವುದುಂಟೇ? ಲೆಕ್ಕದ ಪುಸ್ತಕವನ್ನು ಕೇಳಿದೆ.

ಕ್ಯಾಮರಾ ಬಾಡಿಗೆ ಮೂರು ದಿನಕ್ಕೆ 6,000, ವ್ಯಾನಿಗೆ 3,500, ಚಿಲ್ಲರೆ ಸಾಮಾನಿಗೆ 2,500. ಊಟದ ಮುಂದೆ ಒಂದು ಅಡ್ಡಗೆರೆ. “ಇದೇನಪ್ಪ?” ಎಂದೆ. “ಊಟ ಅಮ್ಮಾನೇ ಮಾಡಿ ಕಳಿಸಿದ್ರು ಮೇಷ್ಟ್ರೇ, ಅದಕ್ಕೆ ಖರ್ಚಿಲ್ಲ.” ಹದಿನಾಲ್ಕು ಜನ, ಮೂರು ದಿನ, ದಿನಕ್ಕೆರಡು ಊಟ: ಒಟ್ಟು 84 ಊಟ. ಸಾಧಾರಣ ಮೆಸ್ಸಿನಲ್ಲಿ ಒಂದಕ್ಕೆ 80 ರೂಪಾಯಿ ಎಂದು ಹಿಡಿದರೂ 6,720 ರೂಪಾಯಿ. ಧ್ವನಿಗ್ರಹಣ ಮಾಡಿದ ಹುಡುಗ ತನ್ನ ಕೆಲಸಕ್ಕೆ ಮೂರು ದಿನ ರಜೆ ಹಾಕಿ, ಸ್ವಂತ ಮೈಕು ಹೊತ್ತು ಬಂದಿದ್ದ. ಸಂಕಲನ ಮಾಡಿದ ಗೆಳತಿ ಒಂಬತ್ತು ರಾತ್ರಿ ನಿದ್ದೆಗೆಟ್ಟಿದ್ದಳು. ಅವರ ಹೆಸರಿನ ಮುಂದೆ ಅಡ್ಡಗೆರೆಯೂ ಇರಲಿಲ್ಲ.

ಈ ‘ಝೀರೋ ಬಜೆಟ್’ ಎಂಬ ಮಾತನ್ನು ನಾನು ಖಂಡಿಸುತ್ತೇನೆ. ಖರ್ಚಿಲ್ಲದ ಚಿತ್ರವೆಂಬುದು ಲೋಕದಲ್ಲಿಲ್ಲ. ಇರುವುದು, ಖರ್ಚನ್ನು ಬೇರೆಯವರು ಭರಿಸಿದ ಚಿತ್ರ ಮಾತ್ರ. ಅದನ್ನು ಭರಿಸಿದವರು ಯಾರೆಂದು ಬರೆದಿಡದಿರುವುದು ಲೆಕ್ಕದ ತಪ್ಪಷ್ಟೇ ಅಲ್ಲ, ಕೃತಘ್ನತೆ.

ಹೀಗೆನ್ನುವ ಅರ್ಹತೆ ನನಗೆಷ್ಟಿದೆ ಎಂಬುದನ್ನೂ ಹೇಳಬೇಕು. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಪ್ರತಿ ವರ್ಷ ವಾರ್ಷಿಕೋತ್ಸವದ ನಾಟಕ ನನ್ನ ಪಾಲಿಗೆ ಬರುತ್ತಿತ್ತು. ಹಾರ್ಮೋನಿಯಂ ನುಡಿಸಲು ಪಕ್ಕದ ಊರಿನಿಂದ ಒಬ್ಬರು ಇಪ್ಪತ್ತು ದಿನ ತಾಲೀಮಿಗೆ ಬರುತ್ತಿದ್ದರು. ಕೊನೆಯ ದಿನ ಶಾಲು, ತೆಂಗಿನಕಾಯಿ, ಒಂದು ಹಾರ. “ಶಾಲೆಗೆ ಒಂದು ಪೈಸೆಯ ಹೊರೆಯಿಲ್ಲದೆ ನಾಟಕವಾಯಿತು” ಎಂದು ನಾನು ವೇದಿಕೆಯಿಂದ ಘೋಷಿಸುತ್ತಿದ್ದೆ, ಜನ ಚಪ್ಪಾಳೆ ತಟ್ಟುತ್ತಿದ್ದರು. ನಾಲ್ಕನೆಯ ವರ್ಷ ಅವರು ಬರಲಿಲ್ಲ. ತಾಲೀಮಿನ ಆ ಇಪ್ಪತ್ತು ಸಂಜೆಗಳಲ್ಲಿ ಅವರ ಸಂಗೀತ ಪಾಠಗಳು ನಿಂತು, ಆ ತಿಂಗಳ ವರಮಾನವೇ ಇಲ್ಲವಾಗುತ್ತಿತ್ತೆಂದು ಬಹಳ ಕಾಲದ ನಂತರ ತಿಳಿಯಿತು. ಆ ಬಾಕಿಯನ್ನು ಚುಕ್ತಾ ಮಾಡೋಣವೆಂದರೆ ಈಗ ಅವರಿಲ್ಲ.

ಇಂಥ ವಾದಕ್ಕೆ ಹುಡುಗರು ಕೂಡಲೇ ಸತ್ಯಜಿತ್ ರಾಯ್ ಅವರನ್ನು ಸಾಕ್ಷಿಗೆ ಕರೆಯುತ್ತಾರೆ. ‘ಪಥೇರ್ ಪಾಂಚಾಲಿ’ಗಾಗಿ ಅವರು ಪತ್ನಿಯ ಒಡವೆ ಅಡವಿಡಲಿಲ್ಲವೇ ಎನ್ನುತ್ತಾರೆ. ಇಟ್ಟರು, ನಿಜ. ಆದರೆ 1952ರಲ್ಲಿ ಆರಂಭವಾದ ಚಿತ್ರೀಕರಣ ಹಣವಿಲ್ಲದೆ ಮತ್ತೆ ಮತ್ತೆ ನಿಂತು, ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟ ಮೇಲೆ 1955ರಲ್ಲಷ್ಟೇ ಚಿತ್ರ ತೆರೆಗೆ ಬಂದಿತೆಂಬುದನ್ನು ಮರೆಯುತ್ತಾರೆ. ಅಷ್ಟು ದೀರ್ಘಕಾಲದಲ್ಲಿ ಮಕ್ಕಳು ಗುರುತು ಸಿಗದಷ್ಟು ಬೆಳೆದುಬಿಡಬಹುದಿತ್ತು. ಅಜ್ಜಿಯ ಪಾತ್ರದ ಚುನಿಬಾಲಾ ದೇವಿ ತೀರ ವೃದ್ಧೆ. ಹಾಗಾಗದೆ ಚಿತ್ರ ಪೂರ್ತಿಯಾದದ್ದು ಅದೃಷ್ಟ. ಅದೃಷ್ಟವನ್ನು ಪದ್ಧತಿಯೆಂದು ಕಲಿಸಬಾರದು.

ಕಲಿಯುವುದಾದರೆ 1976ರ ‘ಮಂಥನ್’ ಚಿತ್ರದಿಂದ ಕಲಿಯಿರಿ. ಶ್ಯಾಮ್ ಬೆನಗಲ್ ಅವರ ಆ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಕೊಟ್ಟರು. ಚಿತ್ರ ಶುರುವಾಗುವುದೇ ಅದನ್ನು ಅರ್ಪಿಸುತ್ತಿರುವವರು ಆ ರೈತರು ಎಂಬ ಬರಹದೊಂದಿಗೆ. ಎರಡು ರೂಪಾಯಿ ಕೊಟ್ಟವನೂ ಅಲ್ಲಿ ನಿರ್ಮಾಪಕ. ನಮ್ಮ ಹುಡುಗನ ಚಿತ್ರದಲ್ಲಿ 84 ಊಟ ಬೇಯಿಸಿದ ತಾಯಿ ‘ವಿಶೇಷ ಕೃತಜ್ಞತೆ’ಗಳ ಸಾಲಿನಲ್ಲಿ ಹನ್ನೊಂದನೆಯವರು.

ಹಾಗಾದರೆ ಲೆಕ್ಕ ಹಾಕುವುದು ಹೇಗೆ? ಚಿತ್ರಕಥೆಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ. ಪ್ರತಿ ದೃಶ್ಯಕ್ಕೆ ಜಾಗ ಯಾವುದು, ಜನ ಎಷ್ಟು, ಹಗಲೋ ರಾತ್ರಿಯೋ, ಏನೇನು ಸಾಮಾನು ಬೇಕು ಎಂದು ಬರೆಯಿರಿ. ಒಂದೇ ಜಾಗದ ದೃಶ್ಯಗಳನ್ನು ಒಟ್ಟುಗೂಡಿಸಿದರೆ ಎಷ್ಟು ದಿನವೆಂಬುದು ತಿಳಿಯುತ್ತದೆ. ದಿನ ತಿಳಿದರೆ ಬಾಡಿಗೆ, ಊಟ, ಪ್ರಯಾಣ ತಾವಾಗಿಯೇ ತಿಳಿಯುತ್ತವೆ. ಚಿತ್ರೀಕರಣದ ನಂತರದ ಖರ್ಚನ್ನು ಮರೆಯಬೇಡಿ: ಸಂಕಲನ, ಧ್ವನಿ ಜೋಡಣೆ, ಸಂಗೀತದ ಹಕ್ಕು, ದೃಶ್ಯಗಳ ಎರಡನೆಯ ಪ್ರತಿ ಇಡಲು ಇನ್ನೊಂದು ಹಾರ್ಡ್ ಡಿಸ್ಕ್, ಚಿತ್ರೋತ್ಸವಗಳ ಪ್ರವೇಶ ಶುಲ್ಕ. ಒಟ್ಟು ಮೊತ್ತಕ್ಕೆ ಶೇ. 10ರಷ್ಟು ಸೇರಿಸಿ ಎತ್ತಿಡಿ. ಮಳೆ ಹೇಳಿ ಕೇಳಿ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಪುಟದಲ್ಲಿ ಎರಡು ಅಂಕಣಗಳಿರಲಿ. ಒಂದರಲ್ಲಿ ಕೆಲಸದ ನ್ಯಾಯವಾದ ಬೆಲೆ, ಇನ್ನೊಂದರಲ್ಲಿ ನೀವು ಕೊಟ್ಟದ್ದು. ಇವೆರಡರ ವ್ಯತ್ಯಾಸವೇ ನಿಮ್ಮ ಋಣ.

“ಎಲ್ಲರಿಗೂ ದುಡ್ಡು ಕೊಡಬೇಕೆಂದರೆ ಬಡವರ ಮಕ್ಕಳು ಸಿನಿಮಾ ಮಾಡುವುದೇ ಬೇಡವೇ?” ಎಂದು ಅವನು ಕೇಳಿದ. ನ್ಯಾಯವಾದ ಪ್ರಶ್ನೆ. ಗೆಳೆಯರ ನೆರವು ಪಡೆಯಬೇಡಿ ಎಂದು ನಾನೆನ್ನುವುದಿಲ್ಲ. ಮೊದಲೇ ಕೇಳಿ ಪಡೆಯಿರಿ, ಬರೆದಿಡಿ, ನಾಳೆ ಅವರ ಕೆಲಸಕ್ಕೆ ನೀವೂ ಹೋಗಿ ನಿಲ್ಲಿ. ಹಣ ಕಡಿಮೆಯಿದ್ದರೆ ಕಥೆಯನ್ನು ಕಿರಿದು ಮಾಡಿ, ಜನರ ಅನ್ನವನ್ನಲ್ಲ. ಹದಿನೆಂಟು ನಿಮಿಷದಲ್ಲಿ ಹೇಳಿದ್ದನ್ನು ಒಂಬತ್ತರಲ್ಲಿ ಹೇಳಲು ಬರುವುದಿಲ್ಲವೇ? ಇಲ್ಲವೆನ್ನುವವನಿಗೆ ಕೊರತೆಯಿರುವುದು ಹಣದ್ದಲ್ಲ. ಇನ್ನು ಬಡವರ ಮಕ್ಕಳ ಮಾತು. ಸಂಬಳವಿಲ್ಲದೆ ಮೂರು ದಿನ ದುಡಿಯಲು ಯಾರಿಗೆ ಸಾಧ್ಯ? ಮನೆಯಲ್ಲಿ ಅನ್ನಕ್ಕೆ ತೊಂದರೆಯಿಲ್ಲದವರಿಗೆ ಮಾತ್ರ. ‘ಝೀರೋ ಬಜೆಟ್’ ಬಡವನನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲಲ್ಲ, ಅವನನ್ನು ಹೊರಗಿಡುವ ಬಾಗಿಲು.

ಹುಡುಗ ಸ್ವಲ್ಪ ಸಪ್ಪಗಾದ. ಹೊರಡುವಾಗ ಪುಸ್ತಕ ತೆಗೆದು, ಆ ಅಡ್ಡಗೆರೆಯ ಜಾಗದಲ್ಲಿ 6,720 ಎಂದು ಬರೆದುಕೊಂಡ. “ಅಕ್ಕಿ, ಗ್ಯಾಸು ಬೇರೆ ಮೇಷ್ಟ್ರೇ?” ಎಂದ. “ಅದು ಆ ಎಂಬತ್ತರೊಳಗೇ ಬಂತು. ನಿಮ್ಮಮ್ಮ ಬೆಳಗಿನ ಜಾವ ನಾಲ್ಕಕ್ಕೆ ಎದ್ದದ್ದು ಬಂದಿಲ್ಲ” ಎಂದೆ.

ಮುಂದಿನ ಚಿತ್ರ ಮಾಡುವ ಎಲ್ಲ ವಿದ್ಯಾರ್ಥಿಗಳಿಗೂ ಇದೇ ಮಾತು: ಮೊದಲು ಲೆಕ್ಕದ ಪುಸ್ತಕ ಕಳಿಸಿ. ಕಥೆಯನ್ನು ಆಮೇಲೆ ಓದುತ್ತೇನೆ.