ಹಿರಿಯ ಮಗನ ಮುನಿಸು

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನ ಗುಡಿಯನ್ನು ನೋಡಿ ಹಿಂದಿರುಗುವುದೇ ಹೆಚ್ಚು. ಸಮೀಪದ ಬಸ್ತಿಹಳ್ಳಿಯಲ್ಲಿರುವ ಪಾರ್ಶ್ವನಾಥ ಬಸದಿಯ ಶಾಸನ ಸಂಸಾರಸ್ಥರು ತಿಳಿಯಬೇಕಾದ ಸಂಗತಿಯೊಂದನ್ನು ಹೇಳುತ್ತದೆ. ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪದೇವನು 1133ರಲ್ಲಿ ಈ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ತಲುಪುವ ವೇಳೆಗೆ ಅವನಿಗೆ ಯುದ್ಧದಲ್ಲಿ ಜಯ ದೊರೆತಿತ್ತು, ಮಗನೂ ಹುಟ್ಟಿದ್ದನು. ದೊರೆ ದೇವರನ್ನು ವಿಜಯಪಾರ್ಶ್ವನೆಂದೂ, ಮಗುವನ್ನು ವಿಜಯನರಸಿಂಹನೆಂದೂ ಕರೆದನು. ಸೇನಾನಿಯ ಮನೆಯ ಸಂಭ್ರಮ ಅರಮನೆಯ ಸಂಭ್ರಮವೂ ಆಯಿತು.

ಅದೇ ಅರಮನೆಯಲ್ಲಿ ಬೇರೊಂದು ಭಾವನೆಗೂ ಎಡೆಯಿತ್ತೆಂಬುದಕ್ಕೆ ರಾಣಿ ಶಾಂತಲೆಯ ಬಿರುದೇ ಸಾಕ್ಷಿ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಅವಳು ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಸವತಿಯರ ಪಾಲಿಗೆ ಮದ್ದಾನೆ ಎಂದು ಅದರ ಅರ್ಥ.

ಇಂದಿನ ಸಂಸಾರಗಳಲ್ಲಿ ಸವತಿಯರಿಲ್ಲದಿದ್ದರೂ ಮತ್ಸರ ಮನೆಬಿಟ್ಟು ಹೋಗಿಲ್ಲ. ಓರಗಿತ್ತಿಯ ಹೊಸ ಸೀರೆ, ತಮ್ಮನಿಗೆ ದೊರೆತ ಬಡ್ತಿ, ತೊಟ್ಟಿಲಿಗೆ ಬಂದ ಎರಡನೆಯ ಮಗು—ಕಿಡಿ ಬೀಳಲು ಇಷ್ಟು ಸಾಕು.

ಕ್ರೈಸ್ತರ ಪವಿತ್ರ ಗ್ರಂಥವಾದ ಬೈಬಲು ಈ ದೌರ್ಬಲ್ಯವನ್ನು ಮುಚ್ಚಿಡುವುದಿಲ್ಲ. ಯಾಕೋಬನು ಯೋಸೇಫನೊಬ್ಬನಿಗೆ ಮಾತ್ರ ಚೆಂದದ ನಿಲುವಂಗಿಯನ್ನು ಹೊಲಿಸಿಕೊಟ್ಟನು. ಅದನ್ನು ಸಹಿಸಲಾರದೆ ಅಣ್ಣಂದಿರು ಒಡಹುಟ್ಟಿದವನನ್ನೇ 20 ಬೆಳ್ಳಿ ನಾಣ್ಯಗಳಿಗೆ ಮಾರಿದರು. ತಪ್ಪು ಮಾಡಿದವರು ಮಕ್ಕಳು ನಿಜ. ಆದರೆ ಅದರ ಬೀಜ ಬಿದ್ದುದು ತಂದೆಯ ಪಕ್ಷಪಾತದಲ್ಲಿ.

ಯೇಸು ಹೇಳಿದ ಸಾಮತಿಯೊಂದು ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿದೆ. ಆಸ್ತಿಯನ್ನು ಹಾಳುಮಾಡಿ ಮರಳಿದ ಕಿರಿಮಗನಿಗಾಗಿ ಮನೆಯಲ್ಲಿ ಔತಣ ನಡೆದಿದೆ. ವರ್ಷಗಟ್ಟಲೆ ದುಡಿದ ಹಿರಿಮಗ ಕೋಪದಿಂದ ಹೊರಗೇ ನಿಲ್ಲುತ್ತಾನೆ. ತನಗೊಂದು ಆಡಿನ ಮರಿಯನ್ನೂ ಕೊಟ್ಟವರಿಲ್ಲವೆಂಬುದು ಅವನ ಅಳಲು. ತಂದೆ ಅವನನ್ನು ಗದರಿಸುವುದಿಲ್ಲ. ತಾನೇ ಹೊರಗೆ ಬಂದು, ತನ್ನದೆಲ್ಲವೂ ಅವನದೇ ಎಂದು ನೆನಪಿಸಿ, ಒಳಗೆ ಬರುವಂತೆ ಬೇಡಿಕೊಳ್ಳುತ್ತಾನೆ.

ಮತ್ಸರಪಡುವವರನ್ನು ಮೂದಲಿಸುವ ಮನೆಗಳು ಗಮನಿಸಬೇಕಾದುದು ಇದನ್ನೇ. ಹೊಟ್ಟೆಕಿಚ್ಚಿನ ಕೆಳಗೆ, ತನಗೆ ಬೆಲೆಯಿಲ್ಲವೆಂಬ ಭಯ ಅಡಗಿರುವುದುಂಟು. ‘ನಿನಗೇಕೆ ಅಸೂಯೆ?’ ಎಂಬ ಮಾತು ಆ ಭಯವನ್ನು ಬೆಳೆಸುತ್ತದೆ. ಹೊಸ ಮಗುವನ್ನು ನೋಡಬಂದವರು ಮೊದಲ ಮಗುವನ್ನೂ ಹೆಸರು ಹಿಡಿದು ಕರೆಯಲಿ. ಕಿರಿಸೊಸೆಯನ್ನು ಹೊಗಳುವ ಅತ್ತೆ ಹಿರಿಸೊಸೆಯ ಹತ್ತು ವರ್ಷದ ದುಡಿಮೆಯನ್ನೂ ನೆನೆಯಲಿ.

ಆದರೆ ಹಿರಿಯರು ಮಾಡಬಹುದಾದುದು ಅಷ್ಟೇ. ಹಿರಿಮಗ ಒಳಗೆ ಬಂದನೋ ಇಲ್ಲವೋ ಎಂಬುದನ್ನು ಸಾಮತಿ ಹೇಳುವುದಿಲ್ಲ. ಹೊಸ್ತಿಲು ದಾಟುವ ಹೆಜ್ಜೆಯನ್ನು ಅವನೇ ಇಡಬೇಕು.