ಬೆಟ್ಟದ ಬಣ್ಣವೂ ಚಿತ್ರದ ಪಾಠವೂ

ಬೆಟ್ಟದ ಬಣ್ಣ ಯಾವುದೆಂದು ಬಾಲಿಕೆಯರನ್ನು ಕೇಳಿದರೆ ಕೆಲವರು ಹಸುರೆಂದೂ ಕೆಲವರು ಮಣ್ಣಿನ ಬಣ್ಣವೆಂದೂ ತಡೆಯಿಲ್ಲದೆ ಹೇಳುತ್ತಾರೆ. ಅವರ ಚಿತ್ರದ ಪುಸ್ತಕಗಳಲ್ಲಿಯೂ ಬೆಟ್ಟಗಳು ಅದೇ ಬಣ್ಣವನ್ನು ಧರಿಸಿ, ನಡುವೆ ಸೂರ್ಯನನ್ನಿರಿಸಿಕೊಂಡು ನಿಂತಿರುತ್ತವೆ. ಇವು ಕಣ್ಣಾರೆ ಕಂಡು ಬರೆದವುಗಳಲ್ಲವೆಂದು ನಮ್ಮ ಅಭಿಪ್ರಾಯ.

ಬೆಟ್ಟಕ್ಕೆ ಬಣ್ಣ ಕೊಡುವುದರಲ್ಲಿ ಬೆಳಕಿನದೂ ಗಾಳಿಯದೂ ದೊಡ್ಡ ಪಾಲು. ಸೂರ್ಯಪ್ರಕಾಶದಲ್ಲಿರುವ ನೀಲವು ಕೆಂಪಿಗಿಂತ ಹೆಚ್ಚಾಗಿ ಗಾಳಿಯಲ್ಲಿ ಚದರುವುದರಿಂದ, ಬೆಟ್ಟವು ದೂರವಾದಷ್ಟೂ ನೀಲವಾಗಿಯೂ ಮಸುಕಾಗಿಯೂ ತೋರುತ್ತದೆ. ಉದಯಾಸ್ತಗಳಲ್ಲಿ ಬೆಳಕು ಗಾಳಿಯೊಳಗೆ ಬಹುದೂರ ಹಾದುಬರಬೇಕಾಗಿ, ನೀಲವು ದಾರಿಯಲ್ಲಿಯೇ ಚದರಿಹೋಗಿ, ಕೆಂಪು ಹಳದಿಗಳು ಹಿಮಶಿಖರಗಳನ್ನು ಮುಟ್ಟುತ್ತವೆ. ದೂರದ ಬೆಟ್ಟಗಳ ನೀಲವನ್ನು ಇಟಲಿಯ ಲಿಯೊನಾರ್ಡೊ ದ ವಿಂಚಿಯು ಸುಮಾರು 500 ವರ್ಷಗಳ ಹಿಂದೆಯೇ ಗಮನಿಸಿ ಬರೆದಿಟ್ಟಿದ್ದನು.

ಇದನ್ನು ಚಿತ್ರದಲ್ಲಿ ಕಾಣಬೇಕೆಂಬವರು ನಿಕೊಲಾಯ್ ರೋರಿಕ್‌ರವರ ಕೃತಿಗಳನ್ನು ನೋಡಬೇಕು. 1874ರಲ್ಲಿ ರಷ್ಯಾದೇಶದಲ್ಲಿ ಹುಟ್ಟಿದ ಇವರು 1928ರ ಕೊನೆಯಲ್ಲಿ ಕುಲು ಕಣಿವೆಯ ನಗ್ಗರದಲ್ಲಿ ನೆಲಸಿ, 1947ರಲ್ಲಿ ತೀರಿಕೊಳ್ಳುವವರೆಗೆ ಹಿಮಾಲಯವನ್ನು ಮತ್ತೆ ಮತ್ತೆ ಚಿತ್ರಿಸಿದರು. ಇವರು ಹೆಚ್ಚಾಗಿ ಬಳಸಿದುದು ಟೆಂಪರಾ ಎಂಬ, ಎಣ್ಣೆಯ ಹೊಳಪಿಲ್ಲದ ವರ್ಣಗಳನ್ನು. ಇವರ ಶಿಖರಗಳು ಒಂದು ಚಿತ್ರದಲ್ಲಿ ಗುಲಾಬಿ, ಒಂದರಲ್ಲಿ ಊದಾ, ಮತ್ತೊಂದರಲ್ಲಿ ಕಡುನೀಲಿ. ಕತ್ತಲು ತುಂಬಿದ ಕಣಿವೆಯ ಮೇಲೆ ಹಿಮದ ತುದಿಯೊಂದೇ ಬೆಳಗುತ್ತಿದ್ದರೆ ನೋಡುವವರ ಮನಸ್ಸು ತಾನಾಗಿ ಮೌನವನ್ನು ತಾಳುತ್ತದೆ. ನಗುವ ಅಥವಾ ಅಳುವ ಮುಖವೊಂದೂ ಅಲ್ಲಿ ಬೇಕಾಗುವುದಿಲ್ಲ. ಬೆಳಕು ನೆರಳುಗಳ ಅಳತೆಯೇ ಭಾವವನ್ನು ಹುಟ್ಟಿಸುತ್ತದೆ. ಇವರ ಮಗ ಸ್ವೆತೊಸ್ಲಾವ್ ರೋರಿಕ್‌ರವರು ಬೆಂಗಳೂರಿನ ಬಳಿಯಲ್ಲಿ ಬಹುಕಾಲ ಬಾಳಿ 1993ರಲ್ಲಿ ತೀರಿಕೊಂಡರು. ತಂದೆಮಕ್ಕಳಿಬ್ಬರ ಚಿತ್ರಗಳೂ ಆ ನಗರದ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ.

ಪರೀಕ್ಷೆಗೆ ಬಾರದ ಚಿತ್ರಕ್ಕೆ ಹೊತ್ತನ್ನೇಕೆ ಕಳೆಯಬೇಕೆಂದು ಕೆಲವು ತಾಯಿತಂದೆಗಳು ಕೇಳುವುದುಂಟು. ಕಷ್ಟಪಟ್ಟು ಓದಿಸುವವರು ಫಲವನ್ನು ಅಪೇಕ್ಷಿಸುವುದು ನ್ಯಾಯವೇ. ಆದರೆ ಎಲ್ಲರೂ ಹಸುರೆನ್ನುತ್ತಿರುವಾಗ, ತನಗೆ ನೀಲವಾಗಿ ಕಂಡದ್ದನ್ನು ನೀಲವೆಂದೇ ಬರೆಯುವ ಹುಡುಗಿಯು ಅಲ್ಪ ವಿದ್ಯೆಯನ್ನು ಕಲಿತವಳಲ್ಲ. ಪ್ರಯೋಗಶಾಲೆಯಲ್ಲಿಯೂ ರೋಗಿಯ ಮಂಚದ ಬಳಿಯಲ್ಲಿಯೂ ಮನೆವಾರ್ತೆಯಲ್ಲಿಯೂ ಅವಳಿಗೆ ಬೇಕಾಗುವುದು ಇದೇ ದೃಷ್ಟಿ. ಆದಕಾರಣ ವಾರಕ್ಕೊಂದಾವರ್ತಿ ಬರುವ ಚಿತ್ರದ ಪಾಠವನ್ನು ಪರೀಕ್ಷೆಯ ವಿಷಯಗಳಿಗೆ ಬಿಟ್ಟುಕೊಡುವ ವಾಡಿಕೆಯು ನಿಲ್ಲಬೇಕೆಂದು ನಾವು ಹೇಳುತ್ತೇವೆ.

ಇದರಲ್ಲಿ ಮನೆಯವರ ಸಹಾಯವೂ ಬೇಕು. ರಜೆಯಲ್ಲಿ ಊರಿನ ಗುಡ್ಡವೊಂದನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಮಕ್ಕಳಿಗೆ ತೋರಿಸಿರಿ. ಬಣ್ಣವನ್ನು ಅವರೇ ಹೇಳಲಿ. ಮಗಳು ಗುಡ್ಡಕ್ಕೆ ನೇರಳೆ ಬಣ್ಣವನ್ನು ಹಚ್ಚಿದರೆ ತಿದ್ದುವುದಕ್ಕೆ ಮೊದಲು ತಾವೂ ಒಮ್ಮೆ ಹೊರಗೆ ಬಂದು ನೋಡಿರೆಂದು ತಾಯಿತಂದೆಗಳಲ್ಲಿಯೂ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಬಿನ್ನವಿಸುತ್ತೇವೆ.