ಬಾವಲಿಗೆ ಊರ ಗಡಿ ಇಲ್ಲ

ಕೇರಳದಲ್ಲಿ ನಿಫಾ ಕಾಣಿಸಿಕೊಂಡಿತು ಎಂಬ ಸುದ್ದಿ ಬಂದರೆ ಸಾಕು, ನಮ್ಮ ಕಡೆ ಯಾರಾದರೊಬ್ಬರು ಬಾವಲಿಗಳು ನೇತಾಡುವ ಮರದತ್ತ ಕೈ ತೋರಿಸುತ್ತಾರೆ. 2018ರಲ್ಲಿ ಕೋಳಿಕ್ಕೋಡಿನಲ್ಲಿ ಜನ ಸತ್ತಾಗ ಹೀಗಾಯಿತು, 2023ರಲ್ಲೂ ಹೀಗೇ ಆಯಿತು. ಮರ ಕಡಿಯಿರಿ, ಗರ್ನಾಲು ಹೊಡೆಯಿರಿ, ಕೋವಿ ತನ್ನಿ! ಭಯವೇನೋ ಸುಳ್ಳಲ್ಲ. ನಿಫಾ ವೈರಸ್ಸಿನ ತವರು ಹಣ್ಣು ತಿನ್ನುವ ದೊಡ್ಡ ಬಾವಲಿಯೇ. ನನ್ನ ತಕರಾರು ಭಯದ ಮೇಲಲ್ಲ, ಅದಕ್ಕೆ ನಾವು ಹುಡುಕಿಕೊಂಡ ಮದ್ದಿನ ಮೇಲೆ. ರೋಗದ ಸುದ್ದಿ ಕೇಳಿ ಬಾವಲಿ ಕೊಲ್ಲಲು ಹೊರಟರೆ ರೋಗ ಕಡಿಮೆಯಾಗುವುದಿಲ್ಲ, ಹೆಚ್ಚಾಗುವ ಸಂಭವವೇ ಜಾಸ್ತಿ.

ಊರಿನ ಸಭೆಯೊಂದರಲ್ಲಿ ಈ ಮಾತು ಹೇಳಿದಾಗ ಹಿರಿಯರೊಬ್ಬರು, "ಅಲ್ಲ ಮಾರಾಯ್ರೇ, ನಿಮಗೆ ಮನುಷ್ಯ ಹೆಚ್ಚೋ ಬಾವಲಿ ಹೆಚ್ಚೋ?" ಎಂದು ಕೇಳಿದರು. ಮನುಷ್ಯನೇ ಹೆಚ್ಚು. ಅದಕ್ಕಾಗಿಯೇ ಈ ವಾದ.

ಮರ ಕಡಿಯಿರಿ ಎನ್ನುವವರದು ಕೊಟ್ಟಿಗೆಯ ಲೆಕ್ಕ. ಈ ಮರದ ಬಾವಲಿಗಳು ಈ ಮರದವು, ಇವು ಮುಗಿದರೆ ರೋಗವೂ ಮುಗಿಯಿತು ಎಂದು. ಈ ಲೆಕ್ಕವನ್ನು ಸುಳ್ಳು ಮಾಡಿದ್ದು ಪೆರು ದೇಶದ ರಕ್ತ ಕುಡಿಯುವ ಬಾವಲಿಗಳು. ಅವು ದನಗಳಿಗೆ ರೇಬೀಸ್ ಹಚ್ಚುತ್ತವೆ. ಅಲ್ಲಿಯವರು ಒಂದು ಬಾವಲಿ ಹಿಡಿದು, ಮೈಗೆ ವಿಷದ ಮುಲಾಮು ಸವರಿ ಬಿಡುತ್ತಾರೆ. ಅದು ಗವಿಗೆ ಮರಳಿದಾಗ ಉಳಿದವು ಅದರ ಮೈ ನೆಕ್ಕಿ ಸಾಯುತ್ತವೆ. ಡೇನಿಯಲ್ ಸ್ಟ್ರೈಕರ್ ಮತ್ತು ಸಂಗಡಿಗರು ಪೆರುವಿನ ಹಲವು ಕಡೆ ಬಾವಲಿಗಳ ರಕ್ತ ಪರೀಕ್ಷಿಸಿ 2012ರಲ್ಲಿ ಹೇಳಿದ್ದೇನು? ಬಾವಲಿಗಳನ್ನು ಕೊಂದೇ ಇಲ್ಲದ ಕಡೆ ಸೋಂಕಿನ ಗುರುತು ಎಲ್ಲಕ್ಕಿಂತ ಕಡಿಮೆ, ಆಗೊಮ್ಮೆ ಈಗೊಮ್ಮೆ ಕೊಂದ ಕಡೆ ಹೆಚ್ಚು!

ಅದೇ ಗುಂಪು 2016ರಲ್ಲಿ ಬಾವಲಿಗಳ ವಂಶವನ್ನೇ ಜಾಲಾಡಿತು. ಮೈಟೋಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುವಂಥದ್ದು. ಅದು ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆಯಾಗಿತ್ತು. ತಂದೆತಾಯಿ ಇಬ್ಬರಿಂದಲೂ ಬರುವ ಡಿಎನ್‌ಎ ಮಾತ್ರ ದೂರದೂರದ ಗುಂಪುಗಳಲ್ಲೂ ಬೆರೆತುಹೋಗಿತ್ತು. ಅರ್ಥವಿಷ್ಟೆ: ಹೆಣ್ಣುಗಳು ತವರು ಬಿಡುವುದಿಲ್ಲ, ಗಂಡುಗಳು ಊರೂರು ಅಲೆಯುತ್ತವೆ. ರೇಬೀಸ್ ವೈರಸ್ಸು ಹರಡಿದ ದಾರಿಯೂ ಈ ಗಂಡುಗಳು ನಡೆದ ದಾರಿಯೇ. ಒಂದು ಗವಿ ಖಾಲಿ ಮಾಡಿದರೆ ಅದು ಇಂಥ ಅಲೆಮಾರಿಗಳಿಗೆ ಕೊಟ್ಟ ಕರೆಯೋಲೆ. ವೈರಸ್ಸು ಬರುವ ಮೊದಲೇ ಕೊಂದ ಕಡೆ ಅದರ ಹರಡುವಿಕೆ ತಗ್ಗಿತೆಂದೂ, ಬಂದ ಮೇಲೆ ಕೊಂದದ್ದು ಅದನ್ನು ಇನ್ನಷ್ಟು ಹರಡಿಸಿರಬಹುದೆಂದೂ 2023ರ ಅಧ್ಯಯನ ಹೇಳಿತು. ನಮ್ಮವರು ಕೋವಿ ಹುಡುಕುವುದು ಯಾವಾಗ? ಸುದ್ದಿ ಬಂದ ಮೇಲೆ!

"ಅದು ರಕ್ತ ಕುಡಿಯುವ ಜಾತಿ, ನಮ್ಮದು ಹಣ್ಣಿನ ಬಾವಲಿ" ಎನ್ನಬಹುದು. ಉಗಾಂಡದ ಕಿಟಾಕಾ ಗಣಿಯಲ್ಲಿ ಇದ್ದದ್ದೂ ಹಣ್ಣಿನ ಬಾವಲಿಗಳೇ. 2007ರಲ್ಲಿ ಅಲ್ಲಿನ ಕೆಲಸಗಾರರಿಗೆ ಮಾರ್ಬರ್ಗ್ ರೋಗ ತಗಲಿದ್ದರಿಂದ ಗಣಿಯವರು ಬಾವಲಿಗಳನ್ನು ನಿರ್ನಾಮ ಮಾಡಿದರು. 2012ರಲ್ಲಿ ಹತ್ತಿರದ ಇಬಾಂಡಾದಲ್ಲಿ ರೋಗ ಮತ್ತೆ ಎದ್ದಿತು. ಗಣಿಗೆ ಹೋಗಿ ನೋಡಿದರೆ ಬಾವಲಿಗಳು ಮರಳಿದ್ದವು. ಸಂಖ್ಯೆ ಹಿಂದಿನದರ ನೂರಕ್ಕೆ 5ರಷ್ಟೂ ಇರಲಿಲ್ಲ. ಆದರೆ ಸೋಂಕಿದ್ದ ಬಾವಲಿಗಳು ಮೊದಲು ನೂರಕ್ಕೆ 5 ಇದ್ದದ್ದು ಈಗ 13 ಆಗಿತ್ತು. ರೋಗ ಉಂಡು ಜೀರ್ಣಿಸಿಕೊಂಡ ಹಳಬರನ್ನು ಕೊಂದು, ಅದರ ಪರಿಚಯವೇ ಇಲ್ಲದ ಹೊಸಬರಿಗೆ ಜಾಗ ಮಾಡಿಕೊಟ್ಟರೆ ಇನ್ನೇನಾಗುತ್ತದೆ?

ಹಾಗಾದರೆ ಕೈಕಟ್ಟಿ ಕೂರಬೇಕೆ? ಖಂಡಿತ ಬೇಡ. ಬಾಂಗ್ಲಾದೇಶದಲ್ಲಿ ನಿಫಾ ಜನರಿಗೆ ಬಂದದ್ದು ಬಹುಪಾಲು ಈಚಲ ಮರದ ಹಸಿ ರಸದಿಂದ. ರಾತ್ರಿ ಬಾವಲಿ ಬಂದು ಮಡಕೆಗೆ ಬಾಯಿ ಹಾಕುತ್ತದೆ, ಬೆಳಿಗ್ಗೆ ಮನುಷ್ಯ ಕುಡಿಯುತ್ತಾನೆ. ಕೆತ್ತಿದ ಜಾಗಕ್ಕೂ ಮಡಕೆಗೂ ಬಿದಿರಿನ ತಟ್ಟಿ ಕಟ್ಟಿದರೆ ಬಾವಲಿ ರಸ ಮುಟ್ಟಲಾಗದು ಎಂಬುದನ್ನು ಅಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಮಲೇಷಿಯಾದಲ್ಲಿ 1998-99ರಲ್ಲಿ ರೋಗ ಹಂದಿಗಳ ಮೂಲಕ ಮನುಷ್ಯನಿಗೆ ಬಂತು. ಹಂದಿದೊಡ್ಡಿಯ ಪಕ್ಕದಲ್ಲೇ ಮಾವಿನ ತೋಪು ಬೆಳೆಸಿದ್ದು ಬಾವಲಿಯಲ್ಲ, ಮನುಷ್ಯ.

ನಮ್ಮ 1972ರ ವನ್ಯಜೀವಿ ಕಾಯ್ದೆ ಹಣ್ಣಿನ ಬಾವಲಿಯನ್ನು ಕಾಗೆ, ಇಲಿಗಳ ಜೊತೆ ಪೀಡೆಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಕಾಗದದಿಂದ ಹೋದದ್ದು ನಮ್ಮ ತಲೆಯಿಂದ ಇನ್ನೂ ಹೋಗಿಲ್ಲ. ವರ್ಷಕ್ಕೊಂದೇ ಮರಿ ಹಾಕುವ, ರಾತ್ರಿಯಿಡೀ ಕಾಡಿನ ಬೀಜ ಬಿತ್ತುವ ಪ್ರಾಣಿ ಅದು. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ. ತೋಟದಲ್ಲಿ ಅದು ಚೀಪಿ ಉದುರಿಸಿದ ಅಡಿಕೆ ಹೆಕ್ಕಿದರೆ ಕೈಯನ್ನು ಸೋಪು ಹಾಕಿ ತೊಳೆಯಿರಿ. ಬಾವಿಗೆ ಬಲೆ ಹೊದಿಸಿ. ಇದಕ್ಕೆ ತಗಲುವ ಖರ್ಚು ಮರ ಕಡಿಯುವ ಕೂಲಿಗಿಂತ ಕಡಿಮೆ. ಆ ಮರ ಮಾತ್ರ ಇರಲಿ.